250 ದೊಡ್ಡದೋ, 308 ದೊಡ್ಡದೋ? ಹಳೇ ಇಟಾಲಿಯನ್ ಕಾರುಗಳ ನಂಬರಿನ ಲೆಕ್ಕ

ಫೆರಾರಿ 250 ಜಿಟಿಒ, 308 ಜಿಟಿಬಿ ಎರಡರ ಡೈ-ಕಾಸ್ಟ್ (ಲೋಹದ ಪುಟ್ಟ) ಮಾದರಿಗಳನ್ನೂ ತಗೊಂಡೆ, 308ರ ಇಂಜಿನ್ನೇ ದೊಡ್ಡದಲ್ವಾ ಅಂತ ಓದುಗರೊಬ್ಬರು ಕೇಳಿದ್ದಾರೆ. ಅಲ್ಲ. 250ರದ್ದು 2953 ಸಿಸಿ, 308ರದ್ದು 2926. ಕೂದಲೆಳೆಯಷ್ಟು 250ನೇ ಮುಂದೆ.

ಹಳೇ ವಿ12 (ಹನ್ನೆರಡು ಸಿಲಿಂಡರಿನ) ಫೆರಾರಿಗಳಲ್ಲಿ ನಂಬರು ಅಂದ್ರೆ ಒಂದೇ ಸಿಲಿಂಡರಿನ ಸಿಸಿ, ಸ್ವಲ್ಪ ಆಚೀಚೆ. ಹನ್ನೆರಡರಿಂದ ಗುಣಿಸಿದ್ರೆ ಇಂಜಿನ್ ಸಿಗುತ್ತೆ. 275, 330, 365 ಎಲ್ಲಾ ಇದೇ ಲೆಕ್ಕ. 308ರ ಲೆಕ್ಕವೇ ಬೇರೆ: ಮೊದಲೆರಡು ಅಂಕಿ ಲೀಟರು (3.0), ಉಳಿದದ್ದು ಸಿಲಿಂಡರು (8). ರಸ್ತೆ ಕಾರುಗಳಲ್ಲಿ ಇದು ಶುರುವಾಗಿದ್ದು 1960ರ ದಶಕದ ಕೊನೆಯಲ್ಲಿ ಫೆರಾರಿಯವರೇ ಮಾಡಿದ ಡೀನೊ 206ರಿಂದ. ಆ ಕಾರಿನ ಮೇಲೆ ಫೆರಾರಿ ಹೆಸರೇ ಇರಲಿಲ್ಲ ಅನ್ನೋದು ಬೇರೆ ಕಥೆ! 512 ಬಿಬಿಯಲ್ಲಿ ಮಾತ್ರ ಮೊದಲ ಅಂಕಿಯೊಂದೇ ಲೀಟರು (5), ಉಳಿದೆರಡು ಸಿಲಿಂಡರು (12).

ಬರೀ ನಂಬರು ನೋಡಿ ಯಾವ ಲೆಕ್ಕ ಅಂತ ಹೇಳಕ್ಕಾಗಲ್ಲ. ಡೀನೊ 246 ತಗೊಳ್ಳಿ, ಹನ್ನೆರಡರಿಂದ ಗುಣಿಸಿದ್ರೆ 2952, ಥೇಟ್ 250ರ ಇಂಜಿನ್! ಆದ್ರೆ ಅದು 2.4 ಲೀಟರಿನ ವಿ6. 500 ಸೂಪರ್‌ಫಾಸ್ಟ್ ಇನ್ನೂ ತರಲೆ, ವಿ12 ಆದ್ರೂ 500 ಅಂದ್ರೆ ಒಟ್ಟು 5 ಲೀಟರು. ಹಾಗಾಗಿ ಮೊದಲು ಇಸವಿ, ಸಿಲಿಂಡರು ಎಷ್ಟು ನೋಡ್ಕೊಳ್ಳಿ, ಆಮೇಲೆ ಗುಣಾಕಾರ.

ಅಕ್ಷರಗಳು ಸುಲಭ. ಜಿಟಿ ಗ್ರಾನ್ ಟೂರಿಸ್ಮೊ. ಬಿ ಅಂದ್ರೆ ಬೆರ್ಲಿನೆಟ್ಟಾ, ಮುಚ್ಚಿದ ಮೈ. ಎಸ್ ಸ್ಪೈಡರ್, ಆದ್ರೆ 308 ಜಿಟಿಎಸ್‌ನಲ್ಲಿ ತಲೆ ಮೇಲಿನ ಹಲಗೆಯಷ್ಟೇ ಬಿಚ್ಚೋದು. ಒ ಅಂದ್ರೆ ಒಮೊಲೊಗಾಟೊ, ರೇಸಿಗೆ ಮಾನ್ಯತೆ ಪಡೆದದ್ದು. 365 ಜಿಟಿಬಿ/4ರ ಕೊನೆಯ 4 ಸೀಟಲ್ಲ, ಕ್ಯಾಮ್‌ಶಾಫ್ಟ್ (ಇಂಜಿನ್ನಿನ ಕವಾಟಗಳನ್ನು ತೆರೆಯೋ ದಂಡ). ಸೀಟು ಹೇಳಬೇಕಾದ್ರೆ 2+2 (ಮುಂದೆ ಎರಡು, ಹಿಂದೆ ಎರಡು) ಅಂತ ಬರೀತಿದ್ರು.

ಈ ಲೆಕ್ಕ ಬೇರೆ ಕಂಪನಿಗಳಿಗೆ ಒಯ್ಯಬೇಡಿ. ಲ್ಯಾಂಬೊರ್ಗಿನಿ ಕೌಂಟಾಚ್ ಎಲ್‌ಪಿ400ರಲ್ಲಿ 400 ಅಂದ್ರೆ ಇಡೀ ಇಂಜಿನ್ 4 ಲೀಟರು, ಎಲ್‌ಪಿ ಅಂದ್ರೆ ಹಿಂದೆ, ಉದ್ದಕ್ಕೆ ಕೂರಿಸಿದ್ದು. ಆಲ್ಫಾ ರೋಮಿಯೊ 1750 ಜಿಟಿವಿಯಲ್ಲಿರೋದು 1779 ಸಿಸಿ. ಎರಡನೇ ಮಹಾಯುದ್ಧಕ್ಕೆ ಮುಂಚಿನ ತಮ್ಮದೇ 6ಸಿ 1750 ಕಾರಿನ ಹೆಸರಿನ ಮೋಹ ಅಷ್ಟೇ. ಲಾಂಚಿಯಾದವರು ಔರೇಲಿಯಾ, ಫ್ಲಾಮಿನಿಯಾ ಅಂತ ಪ್ರಾಚೀನ ರೋಮನ್ ರಸ್ತೆಗಳ ಹೆಸರಿಟ್ರು, ಮಸೆರಾಟಿಯವರು ಗಿಬ್ಲಿ, ಬೋರಾ ಅಂತ ಗಾಳಿಗಳದ್ದು.

ಪ್ರೀಮಿಯರ್ ಪದ್ಮಿನಿಯ ಮೂಲವಾದ ಫಿಯೆಟ್ 1100ರ ಲೆಕ್ಕ ನೇರ: 1089 ಸಿಸಿ. ಪ್ರೀಮಿಯರ್ 118 ಎನ್‌ಇ ಕಾರಿಗೆ ಮೂಲವಾದ ಫಿಯೆಟ್ 124ರ ನಂಬರಿನಲ್ಲಿ ಮಾತ್ರ ಇಂಜಿನ್ ಅಳತೆ ಹುಡುಕಬೇಡಿ, ಅದು ವಿನ್ಯಾಸದ ಪ್ರಾಜೆಕ್ಟ್ ನಂಬರು.