ಹಳೆ ಮಿನಿಬೈಕಿಗೆ ಹೊಸ ಎಂಜಿನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹಡಗಿನಲ್ಲಿ ಕೆಲಸಕ್ಕಿದ್ದ ದೊಡ್ಡಪ್ಪ ಎಪ್ಪತ್ತರ ದಶಕದಲ್ಲಿ ತಂದ ಅಮೆರಿಕದ ಮಿನಿಬೈಕ್ ನಮ್ಮಲ್ಲಿದೆ. 6 ಇಂಚಿನ ರಿಮ್ಮು, ಸ್ಪ್ರಿಂಗ್ ಇಲ್ಲದ ಪೈಪಿನ ಚಾಸಿಸ್, ಹಗ್ಗ ಎಳೆದು ಸ್ಟಾರ್ಟ್ ಮಾಡುವ 3 ಎಚ್‌ಪಿ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಎಂಜಿನ್. ಎಂಜಿನ್ ಜಾಮ್ ಆಗಿದೆ. ಹೋಂಡಾ ಜಿಎಕ್ಸ್160 ಕೂರಿಸಿ ಪುಣೆ ಬಳಿಯ ಮಾವಳದ ತೋಟದಲ್ಲಿ ಓಡಿಸಬೇಕೆಂದಿದೆ. ಏನೇನು ಬದಲಿಸಬೇಕು?
– ಓದುಗರು, ನಿಗಡಿ, ಪುಣೆ

ಉತ್ತರ: ಒಳ್ಳೆಯ ಆಯ್ಕೆ. ಜಿಎಕ್ಸ್160 ಅಂದರೆ 163 ಸಿಸಿ, ತಲೆಯ ಮೇಲೆ ವಾಲ್ವ್ ಇರುವ ಫೋರ್ ಸ್ಟ್ರೋಕ್. 3,600 ಆರ್‌ಪಿಎಂನಲ್ಲಿ 4.8 ಎಚ್‌ಪಿ, ತೂಕ ಸುಮಾರು 15 ಕಿಲೋ. ಇಗ್ನಿಷನ್ ಟ್ರಾನ್ಸಿಸ್ಟರಿನದು, ಪಾಯಿಂಟ್ ಉಜ್ಜುವ ಕೆಲಸವಿಲ್ಲ, ಬ್ಯಾಟರಿ ಬೇಡ. ಪಂಪ್‌ಸೆಟ್ಟು, ಸಣ್ಣ ಜನರೇಟರುಗಳಿಗೆ ಬರುವ ಎಂಜಿನ್ ಇದು, ಬಿಡಿಭಾಗಕ್ಕೆ ಪರದಾಡಬೇಕಿಲ್ಲ. ಆದರೆ ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವ ಪಂಪಿನ ಎಂಜಿನ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಅದರ ಕಂಪ್ರೆಷನ್ ಕಡಿಮೆ, ಎಳೆತವೂ ಕಡಿಮೆ. ಟಿಲ್ಲರಿನಿಂದ ಬಿಚ್ಚಿದ, ಜೊತೆಗೇ ರಿಡಕ್ಷನ್ ಗೇರ್ ಇರುವ ನಮೂನೆಯೂ ಬೇಡ. ಅದರ ಶಾಫ್ಟು ಎಂಜಿನ್ ವೇಗದ ಅರ್ಧಕ್ಕೋ ಆರನೇ ಒಂದಕ್ಕೋ ತಿರುಗುತ್ತದೆ, ವೇಗ ಏರಿದಾಗ ತಾನಾಗಿ ಹಿಡಿಯುವ ಸೆಂಟ್ರಿಫ್ಯೂಗಲ್ ಕ್ಲಚ್ಚು ಹಿಡಿಯುವುದೇ ಇಲ್ಲ.

ದುಡ್ಡು ಕೊಡುವ ಮುಂಚೆ ವರ್ನಿಯರ್ ಹಿಡಿದು ಶಾಫ್ಟ್ ಅಳೆಯಿರಿ. ಈ ಎಂಜಿನ್ 3/4 ಇಂಚಿನ (19.05 ಮಿಮೀ) ಶಾಫ್ಟಿನಲ್ಲೂ ಬರುತ್ತದೆ, 20 ಮಿಮೀ ಶಾಫ್ಟಿನಲ್ಲೂ ಬರುತ್ತದೆ. ಮಿನಿಬೈಕಿನ ಕ್ಲಚ್ಚುಗಳು ಹೆಚ್ಚಾಗಿ 3/4 ಇಂಚಿನವು, ಶಾಫ್ಟಿಗೂ ಕ್ಲಚ್ಚಿಗೂ ನಡುವೆ ಕೂರುವ ಉಕ್ಕಿನ ತುಂಡು, ಅಂದರೆ ಕೀ, 3/16 ಇಂಚು. ಒಂದು ಮಿಲಿಮೀಟರಿನ ವ್ಯತ್ಯಾಸ ತಾನೇ ಎಂದು ಶಾಫ್ಟಿಗೆ ಎಮೆರಿ ಪೇಪರ್ ಹಿಡಿದರೆ ಅದು ದುಂಡಗೆ ಉಳಿಯುವುದಿಲ್ಲ. ಕ್ಲಚ್ಚು ಓಲಾಡಿ ಕೀವೇ (ಕೀ ಕೂರುವ ಸೀಳು) ಹರಿಯುತ್ತದೆ. ನಿಮ್ಮ ಹಳೆಯ ಕ್ಲಚ್ಚನ್ನು ನಂಬಬೇಡಿ. ಆ ಕಾಲದ ಹಲವು 3 ಎಚ್‌ಪಿ ಎಂಜಿನ್‌ಗಳ ಶಾಫ್ಟು 5/8 ಇಂಚಿನದು.

ತಿರುಗುವ ದಿಕ್ಕಿನ ಚಿಂತೆ ಬೇಡ. ಬ್ರಿಗ್ಸೂ ಹೋಂಡಾವೂ ಶಾಫ್ಟಿನ ಕಡೆಯಿಂದ ನೋಡಿದರೆ ಗಡಿಯಾರದ ವಿರುದ್ಧ ದಿಕ್ಕಿಗೇ ತಿರುಗುತ್ತವೆ. ಚೈನು ಎಡಬದಿಗೆ ಬರುತ್ತದೆ. ಹೊಂದದಿರುವುದು ಬುಡದ ಬೋಲ್ಟಿನ ತೂತುಗಳು. ಚಾಸಿಸ್ಸಿಗೆ ಹೊಸ ತೂತು ಕೊರೆಯಬೇಡಿ. 6 ಮಿಮೀ ದಪ್ಪದ ಎಂಎಸ್ (ಮೆದು ಉಕ್ಕು) ಪ್ಲೇಟಿನಲ್ಲಿ ಅಡಾಪ್ಟರ್ ಮಾಡಿಸಿ. ಮೊದಲು ರಟ್ಟಿನಲ್ಲಿ ಕತ್ತರಿಸಿ, ಎಂಜಿನ್ನನ್ನು ಅದರ ಮೇಲೆ ಕೂರಿಸಿ, ಮೇಲಿನ ಪೈಪಿಗೆ ಟ್ಯಾಂಕು ತಾಗುತ್ತದೆಯೇ, ಏರ್ ಫಿಲ್ಟರ್ ಮೊಣಕಾಲಿಗೆ ಅಡ್ಡ ಬರುತ್ತದೆಯೇ, ಸೈಲೆನ್ಸರ್ ಎತ್ತ ತಿರುಗಿದೆ ನೋಡಿ. ಟ್ಯಾಂಕು ಸೇರಿ ಎಂಜಿನ್ ಸುಮಾರು 35 ಸೆಂಮೀ ಎತ್ತರ, 36 ಸೆಂಮೀ ಅಗಲ. ಹಳೆಯ ಸೈಡ್ ವಾಲ್ವ್ ಎಂಜಿನ್ ಕುಳ್ಳ, ಹಾಗಾಗಿ ತಾಗುವುದು ಬಹುತೇಕ ಖಚಿತ. ಟ್ಯಾಂಕು ಬಿಚ್ಚಿ ಬೇರೆಡೆ ಕೂರಿಸುವುದಾದರೆ ಅದು ಕಾರ್ಬ್ಯುರೇಟರಿಗಿಂತ ಮೇಲೇ ಇರಬೇಕು, ಪೆಟ್ರೋಲು ಇಳಿಜಾರಿನಿಂದ ತಾನಾಗಿ ಇಳಿಯುವ ವ್ಯವಸ್ಥೆ ಇದು. ರಟ್ಟು ಹೊಂದಿದ ಮೇಲೆ ಭೋಸರಿಯ ಯಾವುದೇ ಶೀಟ್ ಮೆಟಲ್ ವರ್ಕ್‌ಶಾಪಿನಲ್ಲಿ ಪ್ಲೇಟು ಕತ್ತರಿಸಿ ಕೊಡುತ್ತಾರೆ. ಎಂಜಿನ್ ಹಿಡಿಯುವ ತೂತುಗಳನ್ನು ಉದ್ದುದ್ದ ಮಾಡಿಸಿ, 15 ಮಿಮೀಯಷ್ಟು ಹಿಂದೆಮುಂದೆ ಸರಿಸಲು ಬರಬೇಕು; ಚೈನು ಬಿಗಿ ಮಾಡುವುದು ಅದರಿಂದಲೇ. ಬೋಲ್ಟು ಎಂ8, 8.8 ಗ್ರೇಡ್, ನೈಲಾಕ್ ನಟ್. ಒಂದೇ ಸಿಲಿಂಡರಿನ ಅದುರುವಿಕೆಗೆ ಬರೀ ಸ್ಪ್ರಿಂಗ್ ವಾಷರ್ ಸಾಲದು.

ಈಗ ಸ್ಪ್ರಾಕೆಟ್ಟಿನ ಹಲ್ಲಿನ ಲೆಕ್ಕ. 6 ಇಂಚಿನ ರಿಮ್ಮಿನ ಟಯರಿನ ಹೊರವ್ಯಾಸ ಸುಮಾರು 12 ಇಂಚು, ಒಂದು ಸುತ್ತಿಗೆ ಹೆಚ್ಚುಕಡಿಮೆ 96 ಸೆಂಮೀ. ಕ್ಲಚ್ಚಿಗೆ 12 ಹಲ್ಲು, ಹಿಂದಕ್ಕೆ 72 ಹಲ್ಲು ಹಾಕಿದರೆ 3,600 ಆರ್‌ಪಿಎಂಗೆ ಗಂಟೆಗೆ ಸುಮಾರು 34 ಕಿಮೀ. 10 ಹಲ್ಲಾದರೆ 29 ಕಿಮೀ. ಮಾವಳದ ಏರುತಗ್ಗಿಗೆ 10 ಹಲ್ಲೇ ಸರಿ. ಸ್ಪ್ರಿಂಗ್ ಇಲ್ಲದ ಗಾಡಿಯಲ್ಲಿ 29 ಕೂಡ ಸೊಂಟಕ್ಕೆ ಸಾಕಷ್ಟು.

ಆಕ್ಸಿಲರೇಟರ್ ಕೇಬಲನ್ನು ಕಾರ್ಬ್ಯುರೇಟರಿನ ಬಟರ್‌ಫ್ಲೈಗೆ ನೇರ ಕಟ್ಟಬೇಡಿ. ಗವರ್ನರ್ ಸ್ಪ್ರಿಂಗನ್ನು ಎಳೆಯುವ ಕಂಟ್ರೋಲ್ ಲಿವರಿಗೆ ಕಟ್ಟಿ. ಆಗ ಹ್ಯಾಂಡಲ್ ತಿರುವಿದಷ್ಟು ವೇಗ ಬರುತ್ತದೆ, ಮಿತಿ ಮೀರುವುದನ್ನು ಗವರ್ನರ್ ತಡೆಯುತ್ತದೆ. ಎಂಜಿನ್ ಸ್ವಿಚ್ಚಿನ ವೈರನ್ನು ಉದ್ದ ಮಾಡಿ ಹ್ಯಾಂಡಲಿಗೆ ಒಂದು ಕಿಲ್ ಸ್ವಿಚ್ ತನ್ನಿ. ಆ ವೈರು ಅರ್ತ್ ಆದರೆ ಎಂಜಿನ್ ನಿಲ್ಲುತ್ತದೆ, ಅಷ್ಟೇ ವಿದ್ಯೆ.

ಹೊಸ ಎಂಜಿನ್ ಪೆಟ್ಟಿಗೆಯಲ್ಲಿ ಒಣಗಿಯೇ ಬರುತ್ತದೆ. 10ಡಬ್ಲ್ಯು-30 ಆಯಿಲ್ 0.58 ಲೀಟರ್ ಹಾಕದೆ ಹಗ್ಗ ಎಳೆಯಬಾರದು. ಮೊದಲ ಆಯಿಲ್ ಬದಲಾವಣೆ 20 ಗಂಟೆಗೆ, ಆಮೇಲೆ 100 ಗಂಟೆಗೊಮ್ಮೆ. ಪ್ಲಗ್ ಅಂತರ 0.7ರಿಂದ 0.8 ಮಿಮೀ. ವಾಲ್ವ್ ಅಂತರ ತಣ್ಣಗಿರುವಾಗ ಒಳಕ್ಕೆ 0.15, ಹೊರಕ್ಕೆ 0.20 ಮಿಮೀ. ಆಯಿಲ್ ಕಡಿಮೆಯಾದರೆ ಎಂಜಿನ್ ನಿಲ್ಲಿಸುವ ಆಯಿಲ್ ಅಲರ್ಟ್ ಇರುವ ನಮೂನೆಯಾದರೆ ಏರು ಹತ್ತುವಾಗ, ಕುಲುಕಾಟದಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿದು ಎಂಜಿನ್ ತಟಕ್ಕನೆ ನಿಲ್ಲಬಹುದು. ಇಗ್ನಿಷನ್ ಕೆಟ್ಟಿತೆಂದು ಬಿಚ್ಚಲು ಹೋಗುವ ಮುಂಚೆ ಆಯಿಲ್ ಮಟ್ಟ ನೋಡಿ. ಒಳಗೆ ಆಯಿಲ್ ಪಂಪ್ ಇಲ್ಲ, ಎರಚಿದ ಆಯಿಲಿನಲ್ಲೇ ಬದುಕುವ ಎಂಜಿನ್ ಇದು. 20 ಡಿಗ್ರಿಗಿಂತ ಕಡಿದಾದ ಏರಿನಲ್ಲಿ ಬಹಳ ಹೊತ್ತು ನಿಲ್ಲಿಸಬೇಡಿ.

ಇನ್ನು ಬ್ರೇಕು. ಆ ಕಾಲದ ಹಲವು ಮಿನಿಬೈಕುಗಳಲ್ಲಿ ಇದ್ದದ್ದು ಟಯರಿಗೆ ಉಜ್ಜುವ ಒಂದು ತಗಡು. ಮಾವಳದ ಮಳೆಯಲ್ಲಿ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಿಂದಿನ ಹಬ್ಬಿಗೆ ಬ್ಯಾಂಡ್ ಬ್ರೇಕ್ ಅಥವಾ ಡ್ರಂ ಕೂರದೆ ಹೊಸ ಎಂಜಿನ್ ಕೂರಿಸಬೇಡಿ. ನಮ್ಮನ್ನು ಕೇಳಿದರೆ ಮೊದಲ ಖರ್ಚು ಇದಕ್ಕೇ, ಎಂಜಿನ್ನಿಗಲ್ಲ. ಹಳೆಯ ಬ್ರಿಗ್ಸನ್ನು ಗುಜರಿಗೆ ಹಾಕಬೇಡಿ. ಪ್ಲಗ್ ತೂತಿನಿಂದ ಡೀಸೆಲ್ ಬಿಟ್ಟು ಒಂದಷ್ಟು ದಿನ ನೆನೆಸಿ. ಜಾಮ್ ಆದ ಎಂಜಿನ್ನುಗಳಲ್ಲಿ ಎಷ್ಟೋ ಬರೀ ರಿಂಗ್ ಅಂಟಿಕೊಂಡವು.

ಪ್ರಶ್ನೆ: ಇಂಥದ್ದೇ ಬೈಕಿಗೆ 196 ಸಿಸಿ ಎಂಜಿನ್ ಕೂರಿಸಿದೆ. ಟಯರ್ 13 ಇಂಚು, ಮುಂದೆ 12 ಹಲ್ಲು, ಹಿಂದೆ 54. ಏರಿನಲ್ಲಿ ಕ್ಲಚ್ಚಿನಿಂದ ಹೊಗೆ ಬರುತ್ತದೆ, ಡ್ರಂ ನೀಲಿಯಾಗಿದೆ. ಚೈನು ಬೇರೆ ಪದೇ ಪದೇ ಕಳಚುತ್ತದೆ.
– ಓದುಗರು, ವಾಸ್ಕೊ, ಗೋವಾ

ಉತ್ತರ: ಕ್ಲಚ್ಚು ಕೆಟ್ಟದ್ದಲ್ಲ, ಲೆಕ್ಕ ತಪ್ಪಿದೆ. ಸೆಂಟ್ರಿಫ್ಯೂಗಲ್ ಕ್ಲಚ್ಚು ಪೂರ್ತಿ ಹಿಡಿಯುವುದು ಸುಮಾರು 2,000 ಆರ್‌ಪಿಎಂ ಆಸುಪಾಸಿನಲ್ಲಿ. ನಿಮ್ಮ 54ಕ್ಕೆ 12, ಅಂದರೆ 4.5ರ ಅನುಪಾತದಲ್ಲಿ, ಅಷ್ಟು ಆರ್‌ಪಿಎಂ ಬರುವಾಗ ಗಾಡಿ ಗಂಟೆಗೆ 27–28 ಕಿಮೀ ಓಡುತ್ತಿರಬೇಕು. ಅದಕ್ಕಿಂತ ನಿಧಾನವಾಗಿ ಏರು ಹತ್ತುವಷ್ಟು ಹೊತ್ತೂ ಕ್ಲಚ್ಚಿನೊಳಗಿನ ಶೂಗಳು ಸುತ್ತಲಿನ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತವೆ. ನೀಲಿ ಬಣ್ಣ ಆ ಕಾವಿನದು. ಮುಂದೆ 10, ಹಿಂದೆ 72 ಹಾಕಿದರೆ 17 ಕಿಮೀಗೇ ಕ್ಲಚ್ಚು ಕಚ್ಚಿಕೊಳ್ಳುತ್ತದೆ. ಗರಿಷ್ಠ ವೇಗ 50ರಿಂದ 31ಕ್ಕೆ ಇಳಿಯುತ್ತದೆ, ಅದನ್ನು ಒಪ್ಪಿಕೊಳ್ಳಲೇಬೇಕು. ನೀಲಿಯಾದ ಡ್ರಂ, ಹೊಳಪೇರಿದ ಶೂ ಎರಡನ್ನೂ ಬದಲಿಸಿ. ಐಡ್ಲಿಂಗ್ 1,400ರ ಹತ್ತಿರ ಇರಲಿ. ಹೆಚ್ಚಿದ್ದರೆ ನಿಂತಲ್ಲೇ ಕ್ಲಚ್ಚು ಎಳೆಯುತ್ತದೆ. ಡ್ರಮ್ಮಿನ ಒಳಬುಷ್ಷಿಗೆ ಆಗಾಗ ಒಂದೆರಡು ಹನಿ ಆಯಿಲ್, ಶೂಗೆ ಒಂದು ಹನಿಯೂ ತಾಗಕೂಡದು.

ಚೈನಿನ ವಿಷಯಕ್ಕೆ ಬಂದರೆ, ಬೈಕ್ ಅಂಗಡಿಯ 428 ಚೈನನ್ನು ಹಾಕಿದ್ದೀರಿ ಎಂದೇ ನಮ್ಮ ಅನುಮಾನ. ಮಿನಿಬೈಕಿನ ಸ್ಪ್ರಾಕೆಟ್ ಸಾಮಾನ್ಯವಾಗಿ 420 ಅಥವಾ 41ರ ಅಳತೆಯದು. ಮೂರಕ್ಕೂ ಪಿಚ್ (ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರ) 12.7 ಮಿಮೀ ಆದ್ದರಿಂದ ಮೇಲ್ನೋಟಕ್ಕೆ ಹೊಂದಿದಂತೆ ಕಾಣುತ್ತದೆ. ಆದರೆ 428ರ ರೋಲರ್ 8.51 ಮಿಮೀ, ಮಿಕ್ಕವುಗಳದು 7.75ರ ಸುತ್ತ. ದಪ್ಪ ರೋಲರ್ ಹಲ್ಲಿನ ಬುಡಕ್ಕೆ ಇಳಿಯದೆ ಮೇಲೆ ಕೂರುತ್ತದೆ, ಅಗಲವೂ ಹೆಚ್ಚಾಗಿ ಪಕ್ಕಕ್ಕೆ ಆಡುತ್ತದೆ, ಒಂದು ಗುಂಡಿಗೆ ಹಾರುತ್ತದೆ. ಚೈನು ಸರಿಯಾದದ್ದೇ ಆಗಿದ್ದರೆ ಎರಡು ಸ್ಪ್ರಾಕೆಟ್ಟಿಗೂ ಉಕ್ಕಿನ ಅಳತೆಪಟ್ಟಿ ಒತ್ತಿ ಹಿಡಿದು ನೇರ ನೋಡಿ, ವ್ಯತ್ಯಾಸ 1 ಮಿಮೀ ಮೀರಬಾರದು. ನಡುವೆ 10–12 ಮಿಮೀ ಸಡಿಲ ಸಾಕು. ಕ್ಲಚ್ಚಿನ ಸ್ಪ್ರಾಕೆಟ್ ಎಂಜಿನ್ನಿನ ಕಡೆಗೇ ಬರುವಂತೆ ಕೂರಿಸಿ, ಶಾಫ್ಟಿನ ಮೇಲೆ ಬಗ್ಗುವ ಭಾರ ಕಡಿಮೆಯಾಗುತ್ತದೆ. ಲಿಂಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ.

ಪ್ರಶ್ನೆ: ರಾಜದೂತ್ ಜಿಟಿಎಸ್ ಇದೆ, ಆರ್‌ಸಿ ಚಾಲ್ತಿಯಲ್ಲಿದೆ. ಟೂ ಸ್ಟ್ರೋಕ್ ತೆಗೆದು 100 ಸಿಸಿ ಫೋರ್ ಸ್ಟ್ರೋಕ್ ಹಾಕಬಹುದೇ?
– ಓದುಗರು, ಡೊಂಬಿವಲಿ, ಮುಂಬೈ

ಉತ್ತರ: ಕೈಗೆ ಸಾಧ್ಯ, ಕಾಗದಕ್ಕೆ ಕಷ್ಟ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. 2019ರ ತಿದ್ದುಪಡಿಯಿಂದ ಮಾಲೀಕರಿಗೆ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಇನ್ನೊಂದು ನಷ್ಟ: 2021ರ ನಿಯಮದಂತೆ ಮೊದಲ ನೋಂದಣಿಗೆ 50 ವರ್ಷ ತುಂಬಿದ, ಮೂಲ ರೂಪದಲ್ಲೇ ಇರುವ ದ್ವಿಚಕ್ರಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಎಂಜಿನ್ ಬದಲಿಸಿದರೆ ಆ ಬಾಗಿಲು ಮುಚ್ಚಿತು. ಜಿಟಿಎಸ್ಸಿನ ಸ್ವಂತ ಎಂಜಿನ್ನಿಗೇ ಬೋರು ಕೊರೆಸಿ, ಕ್ರ್ಯಾಂಕ್ ಸೀಲು, ಬೇರಿಂಗ್ ಹಾಕಿಸುವುದೇ ಜಾಣತನ. ಮೊದಲ ಪ್ರಶ್ನೆಯ ಮಿನಿಬೈಕಿಗೆ ನೋಂದಣಿಯೇ ಇಲ್ಲದ್ದರಿಂದ ಅದು ತೋಟದ ಬೇಲಿ ದಾಟುವಂತಿಲ್ಲ.

ಪ್ರಶ್ನೆ: ಮಹಾಬಳೇಶ್ವರದ ಎತ್ತರಕ್ಕೆ ಜಿಎಕ್ಸ್160ರ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಅಳೆದು ಬಿಡುವ ತೂತು) ಬದಲಿಸಬೇಕೇ? ಗವರ್ನರ್ ತೆಗೆದರೆ ಇನ್ನೂ ಜೋರಾಗಿ ಓಡುತ್ತದಂತೆ, ನಿಜವೇ?
– ಓದುಗರು, ಪಿಂಪ್ರಿ

ಉತ್ತರ: ಜೆಟ್ ಬೇಡ. 1,500 ಮೀಟರಿಗಿಂತ ಮೇಲೆ ಸದಾ ಓಡಿಸುವವರಿಗೆ ಅದು; ಮಹಾಬಳೇಶ್ವರ ಸುಮಾರು 1,350. ಗವರ್ನರ್ ತೆಗೆದರೆ ಓಡುವುದು ನಿಜ, ಆದರೆ ಒಳಗಿನ ಅಲ್ಯುಮಿನಿಯಂ ಕನೆಕ್ಟಿಂಗ್ ರಾಡ್, ಎರಕದ ಫ್ಲೈವೀಲ್ ಎರಡೂ 3,600ರ ಆಸುಪಾಸಿಗೆ ಮಾಡಿದವು. ರಾಡ್ ಮುರಿದರೆ ಕ್ರ್ಯಾಂಕ್‌ಕೇಸು ಒಡೆಯುತ್ತದೆ, ಫ್ಲೈವೀಲ್ ಸಿಡಿದರೆ ಅದು ನಿಮ್ಮ ತೊಡೆಯ ಪಕ್ಕದಲ್ಲೇ ಇದೆ. ಅದರ ಬದಲು ಪೆಟ್ರೋಲಿನ ಮೇಲೆ ಗಮನ ಇಡಿ: ಈ ಎಂಜಿನ್ನಿಗೆ ಶೇ 10ರವರೆಗಿನ ಎಥೆನಾಲ್ ಹೊಂದುತ್ತದೆ, ಬಂಕಿನಲ್ಲಿ ಸಿಗುವುದು ಈಗ ಹೆಚ್ಚಾಗಿ ಶೇ 20ರದು. ಎಥೆನಾಲ್ ನೀರು ಹೀರುತ್ತದೆ. ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಟ್ಯಾಂಕಿನ ಕಾಕ್ ಮುಚ್ಚಿ, ಫ್ಲೋಟ್ ಬೌಲಿನ ಬುಡದ ಸ್ಕ್ರೂ ಸಡಿಲಿಸಿ ಪೂರ್ತಿ ಖಾಲಿ ಮಾಡಿ ಇಡಿ.