ಬೆಳಗಾಗುವಷ್ಟರಲ್ಲಿ ಕುಸಿಯುವ ಗಾಡಿ: ಏರ್ ಸಸ್ಪೆನ್ಷನ್ ಪ್ರಶ್ನೋತ್ತರ

ಮಳೆಗಾಲ ಕಳೆದು ಗಾಡಿಗಳು ಷೆಡ್ಡಿನಿಂದ ಹೊರಬೀಳುವ ಹೊತ್ತು. ಮೋಟರ್‌ಹೋಮ್ (ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಗಾಡಿ) ಇಟ್ಟುಕೊಂಡ ಮಲೆನಾಡಿನ ಓದುಗರ ಪತ್ರಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಬಸ್ ಚಾಸಿಯ ಮೇಲೆ ಕಟ್ಟಿಸಿದ 9 ಮೀಟರ್ ಉದ್ದದ ಗಾಡಿ ನಮ್ಮದು. ರಾತ್ರಿ ಸಮನಾಗಿ ನಿಂತಿರುತ್ತದೆ, ಬೆಳಿಗ್ಗೆ ನೋಡಿದರೆ ಹಿಂದಿನ ಎಡಮೂಲೆ ಮೂರು ಇಂಚು ಇಳಿದಿರುತ್ತದೆ. ಎಂಜಿನ್ ಹಾಕಿದ ಹತ್ತು ನಿಮಿಷಕ್ಕೆ ಏಳುತ್ತದೆ. ಹಿಂದಿನ ಬೆಲೋಗಳನ್ನೆಲ್ಲ (ಸ್ಪ್ರಿಂಗಿನ ಬದಲು ಬಾಡಿಯ ಭಾರ ಹೊರುವ, ಗಾಳಿ ತುಂಬಿದ ರಬ್ಬರ್ ಚೀಲಗಳು) ಬದಲಿಸಬೇಕು ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ಬದಲಿಸಿಬಿಡಲೇ? — ಓದುಗರು, ತೀರ್ಥಹಳ್ಳಿ

ಈಗಲೇ ಬೇಡ. ಬೆಲೋ ಹೋಗಿರಲೂಬಹುದು, ಆದರೆ ಗಾಳಿ ಎಲ್ಲಿಂದ ಹೋಗುತ್ತಿದೆ ಎಂದು ಯಾರೂ ಇನ್ನೂ ಹುಡುಕಿಲ್ಲ. ಒಂದು ಮೂಲೆಯ ಗಾಳಿ ಸೋರಲು ಮೂರು ದಾರಿಗಳಿವೆ: ಬೆಲೋ, ಅದಕ್ಕೆ ಹೋಗುವ ಪೈಪು ಮತ್ತು ಅದರ ಜಾಯಿಂಟು, ಗಾಳಿ ತುಂಬಿ ಬಿಟ್ಟು ಬಾಡಿಯ ಎತ್ತರ ಕಾಯುವ ಲೆವೆಲಿಂಗ್ ವಾಲ್ವ್. ಪೈಪು, ಜಾಯಿಂಟಿನ ಖರ್ಚು ಬೆಲೋದ ಮುಂದೆ ಏನೇನೂ ಅಲ್ಲ.

ಮೊದಲು ಅಳತೆ. ಸಿಮೆಂಟಿನ ಸಮತಟ್ಟು ಅಂಗಳದಲ್ಲಿ ನಿಲ್ಲಿಸಿ, ಕಂಪ್ರೆಸರ್ ಕಟ್ ಆಗುವವರೆಗೆ ಗಾಳಿ ತುಂಬಿಸಿ ಎಂಜಿನ್ ಆರಿಸಿ. ನಾಲ್ಕೂ ಮೂಲೆಗಳಲ್ಲಿ ಚಕ್ರದ ನಡುಮಧ್ಯದಿಂದ ಮೇಲಿನ ಬಾಡಿ ಅಂಚಿನವರೆಗೆ ಟೇಪು ಹಿಡಿದು ಬರೆದುಕೊಳ್ಳಿ. ಡ್ಯಾಶ್‌ಬೋರ್ಡಿನ ಎರಡೂ ಗೇಜುಗಳು ತೋರಿಸುವ ಬ್ರೇಕ್ ಗಾಳಿಯ ಒತ್ತಡವನ್ನೂ ಬರೆಯಿರಿ. ಒಂದು ಗಂಟೆಗೆ, ನಾಲ್ಕು ಗಂಟೆಗೆ, ಬೆಳಿಗ್ಗೆ ಹೀಗೆ ಮತ್ತೆ ಅಳೆಯಿರಿ. ಬ್ರೇಕ್ ಬಿಟ್ಟಿರುವಾಗ ಗೇಜು ನಿಮಿಷಕ್ಕೆ 2 ಪಿಎಸ್‌ಐಗಿಂತ ವೇಗವಾಗಿ ಇಳಿದರೆ ಮೊದಲು ಬ್ರೇಕಿನ ಸೋರಿಕೆ ಹುಡುಕಿಸಬೇಕು. ಅದು ಸರಿಯಾಗುವವರೆಗೆ ಗಾಡಿಯನ್ನು ಘಾಟಿಗೆ ಇಳಿಸಬೇಡಿ.

ಸೋರುವ ಮೂಲೆ ಕೂಡಲೇ ಕುಸಿಯುವುದಿಲ್ಲ ಎಂಬುದು ನೆನಪಿರಲಿ. ಬಾಡಿ ಸ್ವಲ್ಪ ಇಳಿದರೆ ಲೆವೆಲಿಂಗ್ ವಾಲ್ವಿನ ಕೈ (ಅದಕ್ಕೆ ಜೋಡಿಸಿದ ಸನ್ನೆ) ಮೇಲಕ್ಕೆ ಸರಿದು, ಸಸ್ಪೆನ್ಷನ್ ಟ್ಯಾಂಕಿನಿಂದ ಗಾಳಿ ತುಂಬಿ ಅದನ್ನು ಮತ್ತೆ ಎತ್ತುತ್ತದೆ. ಟ್ಯಾಂಕಿನಲ್ಲಿ ಗಾಳಿ ಇರುವವರೆಗೆ ಸೋರಿಕೆ ಹೀಗೇ ಮರೆಯಾಗಿರುತ್ತದೆ. ಟ್ಯಾಂಕು ಬರಿದಾದ ಮೇಲೆ ಕುಸಿತ ಶುರು. ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಅಲ್ಲಿನ ಚೆಕ್ ವಾಲ್ವ್ ಕೆಟ್ಟಿದ್ದರಂತೂ ಬೆಲೋದ ಗಾಳಿ ಹಿಂದಕ್ಕೆ ಟ್ಯಾಂಕಿಗೇ ಹರಿಯುತ್ತದೆ. ಆಗ ಒಂದೇ ಮೂಲೆಯಲ್ಲ, ಎಲ್ಲ ಮೂಲೆಗಳೂ ಹೆಚ್ಚುಕಡಿಮೆ ಒಟ್ಟಿಗೆ ಇಳಿಯುತ್ತವೆ. ಮುಂಭಾಗ ಮಾತ್ರ ಎರಡೂ ಬದಿ ಒಟ್ಟಿಗೆ ಇಳಿದರೆ ಮುಂದಿನ ವಾಲ್ವಿನ ಕಡೆ ನೋಡಬೇಕು. ಸಾಮಾನ್ಯವಾಗಿ ಹಿಂದೆ ಬದಿಗೊಂದರಂತೆ ಎರಡು ವಾಲ್ವು, ಮುಂದೆ ಎರಡೂ ಬದಿಗೆ ಸೇರಿ ಒಂದೇ ಇರುತ್ತದೆ. ನಿಮ್ಮಲ್ಲಿ ಇಳಿಯುತ್ತಿರುವುದು ಒಂದೇ ಮೂಲೆ. ಹಾಗಾಗಿ ಹುಡುಕಾಟ ಆ ಮೂಲೆಯಲ್ಲೇ ನಡೆಯಲಿ.

ಇನ್ನು ಸೋಪುನೀರು. ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಚಮಚ ಹಾಕಿ ಸ್ಪ್ರೇ ಬಾಟಲಿಗೆ ತುಂಬಿ. ಚಾಸಿಯ ಕೆಳಗೆ, ತಯಾರಕರು ಹೇಳಿದ ಜಾಗದಲ್ಲಿ, ಭಾರ ತಡೆಯುವ ಸ್ಟ್ಯಾಂಡ್ ಕೊಡದೆ ಅಡಿಗೆ ತಲೆ ಹಾಕಬೇಡಿ. ಗಾಳಿಯ ಮೇಲೆ ನಿಂತ ಬಾಡಿ ಒಂದು ಪೈಪು ಕಳಚಿದರೂ ಕ್ಷಣದಲ್ಲಿ ಕುಸಿಯುತ್ತದೆ. ಜಾಯಿಂಟುಗಳು, ಬೆಲೋದ ರಬ್ಬರು ಮೇಲಿನ ತಗಡನ್ನು ಸೇರುವ ಅಂಚು, ಕೆಳಗಿನ ಪಿಸ್ಟನ್ನಿನ ಮೇಲೆ ಮಡಚಿಕೊಳ್ಳುವ ಭಾಗ, ಎಲ್ಲಕ್ಕೂ ಧಾರಾಳವಾಗಿ ಹೊಡೆಯಿರಿ. ಹೆಚ್ಚಿನ ಬಿರುಕು ಆ ಮಡಿಕೆಯಲ್ಲೇ ಬರುವುದು. ಕೆಂಪುಮಣ್ಣಿನ ಕೆಸರು ಅಲ್ಲಿ ಒಣಗಿ ಕುಳಿತರೆ ಉಜ್ಜುಕಾಗದದ ಹಾಗೆ ರಬ್ಬರನ್ನು ಸವೆಸುತ್ತದೆ. ಕೆಲವು ಬಿರುಕುಗಳು ಬಾಡಿ ಒಂದು ಎತ್ತರಕ್ಕೆ ಬಂದಾಗ ಮಾತ್ರ ಬಾಯಿ ಬಿಡುತ್ತವೆ, ಆದ್ದರಿಂದ ಏರಿದಾಗಲೂ ಇಳಿದಾಗಲೂ ನೋಡಿ. ಲೆವೆಲಿಂಗ್ ವಾಲ್ವಿನ ಗಾಳಿ ಬಿಡುವ ತೂತಿಗೂ ಸೋಪುನೀರು ಹಚ್ಚಿ. ಕೈ ನಡುಸ್ಥಿತಿಯಲ್ಲಿದ್ದೂ ಗುಳ್ಳೆ ಏಳುತ್ತಿದ್ದರೆ ವಾಲ್ವಿನ ಒಳಸೀಟು ಹೋಗಿದೆ.

ಗುಳ್ಳೆ ಎಲ್ಲೂ ಕಾಣಲಿಲ್ಲವೇ? ಆ ಬದಿಯ ವಾಲ್ವಿಗೂ ಬೆಲೋಗೂ ನಡುವೆ, ಬೆಲೋದ ಹತ್ತಿರ, ಅದೇ ಅಳತೆಯ ಪೈಪಿಗೆ ಹೊಂದುವ ಚಿಕ್ಕ ಬಾಲ್ ವಾಲ್ವ್ ಹಾಕಿಸಿ. ಎರಡು ಬೆಲೋ ಇರುವ ಬದಿಯಾದರೆ ಎರಡಕ್ಕೂ ಬೇಕು. ಸಂಜೆ ಗಾಳಿ ತುಂಬಿ ಅದನ್ನು ಮುಚ್ಚಿಡಿ. ಬೆಳಿಗ್ಗೆ ಮೂಲೆ ಇಳಿಯದಿದ್ದರೆ ಬೆಲೋ ಚೆನ್ನಾಗಿದೆ, ತಪ್ಪು ಲೆವೆಲಿಂಗ್ ವಾಲ್ವಿನದು ಅಥವಾ ಅಲ್ಲಿಂದ ಬಾಲ್ ವಾಲ್ವಿನವರೆಗಿನ ಪೈಪಿನದು. ಆಗಲೂ ಇಳಿದರೆ ಬೆಲೋ ಬದಲಿಸಿ. ಪರೀಕ್ಷೆ ಮುಗಿದ ಮೇಲೆ ಬಾಲ್ ವಾಲ್ವನ್ನು ತೆಗೆಸಿಬಿಡಿ. ಅರ್ಧ ಮುಚ್ಚಿಕೊಂಡೇ ರಸ್ತೆಗಿಳಿದರೆ ಆ ಬದಿ ತಡವಾಗಿ ಸಮವಾಗುತ್ತದೆ.

ಪೈಪಿನ ಜಾಯಿಂಟು ಸೋರಿದರೆ ಪೈಪಿನ ತುದಿಯನ್ನು ಬ್ಲೇಡಿನಿಂದ ನೇರವಾಗಿ, ಓರೆಯಾಗದಂತೆ, ಒಂದು ಸೆಂಟಿಮೀಟರ್ ಕತ್ತರಿಸಿ ಪೂರ್ತಿ ಒಳಗೆ ಕೂರುವವರೆಗೆ ಒತ್ತಿ. ಪೈಪು ಚಾಸಿಗೆ ಉಜ್ಜುವ ಜಾಗ, ಸೈಲೆನ್ಸರಿನ ಬಿಸಿ ತಾಗುವ ಜಾಗಗಳನ್ನು ನೋಡಿ. ಅಡಿಕೆ ಗೋದಾಮಿನ ಬದಿಯ ಷೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಇಲಿ ಕಡಿದ ಗುರುತನ್ನೂ ಹುಡುಕಿ. ರಬ್ಬರನ್ನು ಬರೀ ನೀರಿನಲ್ಲಿ ತೊಳೆಯಿರಿ. ಡೀಸೆಲ್, ಸೀಮೆಎಣ್ಣೆ ಹಾಕಿ ಒರೆಸಬೇಡಿ, ರಬ್ಬರು ಉಬ್ಬಿ ಹಾಳಾಗುತ್ತದೆ.

ಚಳಿಗೆ ಇಳಿಯುತ್ತದೆ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ: ಸಂಜೆ 30 ಡಿಗ್ರಿ ಇದ್ದದ್ದು ಬೆಳಿಗ್ಗೆ 15ಕ್ಕೆ ಬಂದರೂ 3 ಬಾರ್ ಇದ್ದ ಬೆಲೋದ ಒತ್ತಡ ಸುಮಾರು 2.8ಕ್ಕೆ ಬರಬಹುದು, ಅಷ್ಟೆ. ಅದೂ ಎಲ್ಲ ಮೂಲೆಗಳಿಗೆ ಸಮನಾಗಿ. ಒಂದು ಮೂಲೆ ಮೂರು ಇಂಚು ಇಳಿಯಲು ಚಳಿ ಕಾರಣವಲ್ಲ.

ಪ್ರಶ್ನೆ: ಎಲೆ ಸ್ಪ್ರಿಂಗಿನ ಟ್ರಾವೆಲರ್ ಗಾಡಿಗೆ ಹಿಂದೆ ಸ್ಪ್ರಿಂಗಿಗೆ ನೆರವಾಗುವ ಎರಡು ಸಹಾಯಕ ಏರ್ ಬ್ಯಾಗ್ (ಗಾಳಿಚೀಲ) ಹಾಕಿಸಿದ್ದೇನೆ. ಎರಡಕ್ಕೂ ಸೇರಿ ಒಂದೇ ವಾಲ್ವ್, ನಡುವೆ ಟೀ (T ಆಕಾರದ) ಜಾಯಿಂಟ್. ಹುಲಿಕಲ್ ಘಾಟಿಯ ತಿರುವುಗಳಲ್ಲಿ ಗಾಡಿ ಮೊದಲಿಗಿಂತ ಹೆಚ್ಚು ಓಲಾಡುತ್ತದೆ. — ಓದುಗರು, ಹೊಸನಗರ

ತಪ್ಪು ಆ ಟೀ ಜಾಯಿಂಟಿನದು. ಬಲಕ್ಕೆ ತಿರುಗುವಾಗ ಭಾರ ಎಡಕ್ಕೆ ವಾಲುತ್ತದೆ. ಎಡದ ಬ್ಯಾಗ್ ಹಿಸುಕಿದಾಗ ಅದರ ಗಾಳಿ ಟೀ ಮೂಲಕ ಬಲಕ್ಕೆ ಓಡುತ್ತದೆ. ಗಟ್ಟಿಯಾಗಿ ನಿಲ್ಲಬೇಕಾದ ಬದಿ ಮೆತ್ತಗಾಗಿ, ಏಳಬಾರದ ಬದಿ ಇನ್ನಷ್ಟು ಏಳುತ್ತದೆ. ಟೀ ತೆಗೆಸಿ, ಎರಡಕ್ಕೂ ಬೇರೆ ಬೇರೆ ಪೈಪು, ಬೇರೆ ಬೇರೆ ವಾಲ್ವ್ ಹಾಕಿಸಿ. ಒಂದು ಬದಿಗೆ ನೀರಿನ ಟ್ಯಾಂಕು, ಇನ್ನೊಂದು ಬದಿಗೆ ಬರೀ ಬಟ್ಟೆಯ ಕಪಾಟು ಇದ್ದರೆ ಎರಡು ಬದಿಗೆ ಬೇರೆ ಒತ್ತಡ ಕೊಡುವ ಅನುಕೂಲವೂ ಸಿಗುತ್ತದೆ. 300 ಲೀಟರ್ ನೀರು ಎಂದರೆ 300 ಕಿಲೋ, ನೆನಪಿಡಿ.

ಒತ್ತಡ ಎಷ್ಟು ಎಂದು ಯಾರದೋ ಮಾತು ಕೇಳಿ ಹಾಕಬೇಡಿ. ಸಾಮಾನಿಲ್ಲದೆ ಹಿಂದಿನ ಎತ್ತರ ಅಳೆದಿಡಿ. ನೀರು, ಗ್ಯಾಸು, ಸಾಮಾನು ತುಂಬಿದ ಮೇಲೆ ಎಷ್ಟು ಇಳಿಯಿತು ನೋಡಿ. ನಂತರ 5 ಪಿಎಸ್‌ಐ ಒಂದೊಂದೇ ಹೆಚ್ಚಿಸುತ್ತ ಇಳಿದ ಎತ್ತರವನ್ನು ಬಹುತೇಕ ಮರಳಿ ಪಡೆಯಿರಿ, ಅದಕ್ಕಿಂತ ಮೇಲೆ ಎತ್ತಬೇಡಿ. ಅತಿಯಾದರೆ ಎಲೆ ಸ್ಪ್ರಿಂಗಿಗೆ ಕೆಲಸವಿಲ್ಲದೆ ಗಾಡಿ ಕುಪ್ಪಳಿಸುತ್ತದೆ. ಪೂರ್ತಿ ಬರಿದಾಗಿಸಿಯೂ ಓಡಿಸಬಾರದು, ಮಡಿಕೆಯಲ್ಲಿ ರಬ್ಬರು ಸಿಕ್ಕಿ ಹರಿಯುತ್ತದೆ. ಕನಿಷ್ಠ ಒತ್ತಡ ಸಾಮಾನ್ಯವಾಗಿ 5ರಿಂದ 10 ಪಿಎಸ್‌ಐ. ನಿಖರ ಅಂಕಿ ಕಿಟ್ಟಿನ ಪುಸ್ತಕದಲ್ಲಿರುತ್ತದೆ. ಬ್ಯಾಗಿನಲ್ಲಿ ಹಿಡಿಯುವ ಗಾಳಿ ಕಡಿಮೆ, ಆದ್ದರಿಂದ ಪ್ರತಿ ಸಲ ಗೇಜು ಒತ್ತಿದಾಗಲೂ ಒಂದಿಷ್ಟು ಇಳಿಯುತ್ತದೆ. ಅದನ್ನು ಸೋರಿಕೆ ಎಂದು ತಿಳಿಯಬೇಡಿ.

ಬ್ಯಾಗ್ ಹಾಕಿಸಿದ್ದರಿಂದ ಆಕ್ಸಲ್, ಟಯರು, ಬ್ರೇಕುಗಳ ತಾಕತ್ತು ಹೆಚ್ಚಲಿಲ್ಲ. ಪೂರ್ತಿ ತುಂಬಿದ ಗಾಡಿಯನ್ನು ವೇಬ್ರಿಜ್ಜಿಗೆ ಒಯ್ದು ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆಯಾಗಿ ತೂಗಿಸಿ. ಆರ್‌ಸಿಯಲ್ಲಿ ಬರೆದ ತೂಕ ಮೀರಿದ್ದರೆ ಗಾಳಿ ತುಂಬಿ ಅದನ್ನು ಮುಚ್ಚಿಡುವುದು ಘಾಟಿಯಲ್ಲಿ ಜೀವಕ್ಕೇ ಅಪಾಯ.

ಪ್ರಶ್ನೆ: ಜೋಗದ ಕಡೆ ಹುಲ್ಲುಗಾವಲಿನಲ್ಲಿ ನಿಲ್ಲಿಸಿದಾಗ ಹೈಡ್ರಾಲಿಕ್ ಜಾಕುಗಳು ಮಣ್ಣಿಗೆ ಹೂತುಹೋಗುತ್ತವೆ. ಲೆವೆಲ್ ಆಗುವ ಮೊದಲೇ ಯಂತ್ರ ನಿಂತು ದೀಪ ಮಿನುಗುತ್ತದೆ. — ಓದುಗರು, ಸಾಗರ

ಜಾಕಿನ ಪಾದ 25 ಸೆಂಟಿಮೀಟರ್ ಅಡ್ಡಳತೆಯದ್ದಾದರೆ ಅದರ ವಿಸ್ತೀರ್ಣ ಸುಮಾರು 490 ಚದರ ಸೆಂಟಿಮೀಟರ್. ಅದರ ಮೇಲೆ ಎರಡೂವರೆ ಟನ್ ಬಂದರೆ ಪ್ರತಿ ಚದರ ಸೆಂಟಿಮೀಟರಿಗೆ 5 ಕಿಲೋ. ನೆನೆದ ಮಣ್ಣು ಅದನ್ನು ತಾಳುವುದಿಲ್ಲ. ಎರಡಡಿ ಚೌಕದ ಹಲಗೆ ಕೊಟ್ಟರೆ ಅದೇ ಭಾರ 0.7 ಕಿಲೋಗೆ ಇಳಿಯುತ್ತದೆ. ತೆಳು ಪ್ಲೈವುಡ್ ಬಾಗುತ್ತದೆ, ಆಗ ಭಾರ ಹರಡುವುದಿಲ್ಲ. ಒಂದೂವರೆ ಇಂಚಿನ ಹಲಗೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಜೋಡಿಸಿ ಮೊಳೆ ಹೊಡೆಸಿಟ್ಟುಕೊಳ್ಳಿ. ಜಾಕಿನ ಓಟ ಮುಗಿದರೂ ಲೆವೆಲ್ ಆಗದಿದ್ದಾಗ ಯಂತ್ರ ಹೀಗೆಯೇ ನಿಲ್ಲುತ್ತದೆ. ಏರ್ ಸಸ್ಪೆನ್ಷನ್ ಇರುವ ಗಾಡಿಯಾದರೆ ಗಾಳಿ ಬಿಟ್ಟು ಬಾಡಿಯನ್ನು ಕೆಳಗಿಳಿಸಿ, ಆಮೇಲೆ ಜಾಕು ಇಳಿಸಿ. ಗಟ್ಟಿನೆಲದಲ್ಲೂ ಇದೇ ತೊಂದರೆ ಬಂದರೆ ಬ್ಯಾಟರಿಯ ಅರ್ತ್ ತಂತಿ ಕಳಚಿ ಉಜ್ಜಿ ಬಿಗಿಸಿ. ಮಳೆನಾಡಿನಲ್ಲಿ ಅದು ಹಸಿರುಗಟ್ಟಿ ಪಂಪಿಗೆ ಬೇಕಾದಷ್ಟು ಕರೆಂಟು ಹೋಗುವುದಿಲ್ಲ.

ಅದಕ್ಕಿಂತ ಮುಖ್ಯವಾದ ಒಂದು ಮಾತು. ನಿಮ್ಮ ಪಾರ್ಕಿಂಗ್ ಬ್ರೇಕ್ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುವಂಥದ್ದಾದರೆ ಜಾಕು ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿದ ಕ್ಷಣ ಬ್ರೇಕೇ ಇಲ್ಲದಂತಾಗಿ ಗಾಡಿ ಜಾಕಿನ ಮೇಲಿಂದ ಜಾರಬಹುದು. ಇಳಿಜಾರಿನಲ್ಲಿ ಮೂತಿ ಕೆಳಕ್ಕೆ ಬರುವಂತೆ ನಿಲ್ಲಿಸಿ. ಆಗ ಎತ್ತಬೇಕಾದದ್ದು ಮುಂಭಾಗ, ಹಿಂದಿನ ಚಕ್ರ ನೆಲದಲ್ಲೇ ಉಳಿಯುತ್ತದೆ. ಜಾಕು ಹಾಕುವ ಮೊದಲೇ ಚಕ್ರಗಳಿಗೆ ಮರದ ಬೆಣೆ ಕೊಡಿ. ಇಷ್ಟೆಲ್ಲ ಬೇಕಾಗುವಷ್ಟು ಇಳಿಜಾರಾದರೆ ಜಾಗವನ್ನೇ ಬದಲಿಸುವುದು ಒಳ್ಳೆಯದು.

ಪ್ರಶ್ನೆ: ಏರ್ ಟ್ಯಾಂಕಿನ ಡ್ರೈನ್ ಎಳೆದಾಗ ನೀರು ಬರುತ್ತದೆ. ಮಳೆಗಾಲದಲ್ಲಿ ಇದು ಸಹಜವೇ? — ಓದುಗರು, ಶಿವಮೊಗ್ಗ

ಏರ್ ಡ್ರೈಯರ್ (ಗಾಳಿಯ ತೇವ ಹೀರುವ ಸಾಧನ) ಇರುವ ಗಾಡಿಯಲ್ಲಿ ಸಹಜವಲ್ಲ. ಟ್ಯಾಂಕಿಗೆ ನೀರು ಬಂತೆಂದರೆ ಡ್ರೈಯರಿನ ಕಾಟ್ರಿಜ್ ನೀರು ಹೀರುವ ಶಕ್ತಿ ಕಳೆದುಕೊಂಡಿದೆ. ಕಂಪ್ರೆಸರ್ ಕಟ್ ಆದಾಗ ಡ್ರೈಯರು ಬುಸ್ ಎಂದು ಗಾಳಿ ಬಿಡುತ್ತದೆಯೇ ಕೇಳಿಸಿಕೊಳ್ಳಿ. ಬಿಡದಿದ್ದರೆ ಅದರ ಪರ್ಜ್ ವಾಲ್ವ್ ಅಂಟಿದೆ. ನೀರು ಹಾಲಿನ ಬಣ್ಣಕ್ಕೆ, ಜಿಡ್ಡಾಗಿ ಬಂದರೆ ಕಂಪ್ರೆಸರಿನಿಂದ ಆಯಿಲ್ ದಾಟುತ್ತಿದೆ ಎಂದರ್ಥ. ಅದನ್ನು ಸರಿಪಡಿಸದೆ ಹೊಸ ಕಾಟ್ರಿಜ್ ಹಾಕಿದರೆ ಅದೂ ಆಯಿಲ್ ಕುಡಿದು ಕೆಡುತ್ತದೆ. ಮಲೆನಾಡಿನ ತೇವಕ್ಕೆ ಮುಂಗಾರಿನ ಮುಂಚೆ, ಮೇ ತಿಂಗಳಲ್ಲಿ, ಕಾಟ್ರಿಜ್ ಬದಲಿಸಿ, ಆಮೇಲೆ ವಾರಕ್ಕೊಮ್ಮೆ ಡ್ರೈನ್ ಎಳೆದು ನೋಡಿ.