ಕೊಡಗಿನ ಏರಿಳಿತದಲ್ಲಿ ಚಿಕ್ಕ ಪೆಟ್ರೋಲ್ ಕಾರಿನ ಮೈಲೇಜ್ ಹೆಚ್ಚಿಸಿಕೊಳ್ಳುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿರುವುದು ಇಷ್ಟು: 1000 ಸಿಸಿ ಪೆಟ್ರೋಲ್ ಕಾರು, ಮ್ಯಾನುಯಲ್ ಗೇರ್, ನಾಪೋಕ್ಲು ಕಡೆಯಿಂದ ಮಡಿಕೇರಿಗೆ ದಿನಾ ಓಡಾಟ, ಆಗಾಗ ಸಂಪಾಜೆ ಇಳಿದು ಮಂಗಳೂರು. ಕಂಪನಿ ಹೇಳುವುದು ಲೀಟರಿಗೆ 24, ಸಿಗುತ್ತಿರುವುದು 13. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಬಿಟ್ಟರೂ ಪ್ರಯೋಜನವಿಲ್ಲ, ಇನ್ನೇನು ಮಾಡಬಹುದು?

ಮೊದಲು ಆ ನ್ಯೂಟ್ರಲ್ ಅಭ್ಯಾಸ ಬಿಡಿ, ಇವತ್ತಿನಿಂದಲೇ. ಕಾರ್ಬ್ಯುರೇಟರ್ ಕಾಲದಲ್ಲಿ ಅದರಿಂದ ಒಂದಿಷ್ಟು ಉಳಿಯುತ್ತಿತ್ತು. ಈಗಿನ ಇಂಜೆಕ್ಷನ್ ಎಂಜಿನ್ನಿನ ಲೆಕ್ಕವೇ ಬೇರೆ. ಗೇರಿನಲ್ಲಿಟ್ಟು ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದರೆ, ಎಂಜಿನ್ ಬಿಸಿಯಾಗಿದ್ದು ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸುಮಾರು 1500ಕ್ಕಿಂತ ಮೇಲಿರುವ ತನಕ ಇಂಜೆಕ್ಟರ್‌ಗಳು ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತವೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್‌ಗೆ ಹಾಕಿದ ಕೂಡಲೇ ಎಂಜಿನ್ ತಾನಾಗಿ ಓಡಬೇಕಾಗುತ್ತದೆ, ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಸುಡುತ್ತದೆ. ಹಣಕ್ಕಿಂತ ದೊಡ್ಡ ವಿಷಯ ಬ್ರೇಕಿನದು. ಸಂಪಾಜೆ ಘಾಟಿಯಲ್ಲಾಗಲಿ ಮಾಕುಟ್ಟ ರಸ್ತೆಯಲ್ಲಾಗಲಿ ನ್ಯೂಟ್ರಲ್‌ನಲ್ಲಿ ಇಳಿದರೆ ಕಾರಿನ ಭಾರವೆಲ್ಲ ಬ್ರೇಕ್ ಪ್ಯಾಡುಗಳ ಮೇಲೆ ಬೀಳುತ್ತದೆ. ಅವು ಕಾದರೆ ಪೆಡಲ್ ಒತ್ತಿದರೂ ಹಿಡಿತ ಸಿಗುವುದಿಲ್ಲ. ಎಂಜಿನ್ನನ್ನೇ ಆಫ್ ಮಾಡಿ ಇಳಿಯುವವರೂ ಇದ್ದಾರೆ. ಹಾಗೆ ಮಾಡಿದರೆ ಎರಡು ಮೂರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಬ್ರೇಕಿಗೆ ಬಲ ಕೊಡುವ ಬೂಸ್ಟರಿನ ನಿರ್ವಾತ ಮುಗಿದು ಪೆಡಲ್ ಕಲ್ಲಾಗುತ್ತದೆ, ಪವರ್ ಸ್ಟೀರಿಂಗ್ ಹೋಗುತ್ತದೆ. ದಯವಿಟ್ಟು ಬೇಡ.

ಇಳಿಯುವಾಗ ಯಾವ ಗೇರ್? ಅದೇ ಏರನ್ನು ಹತ್ತಲು ಯಾವ ಗೇರ್ ಬೇಕೋ ಅದೇ. ಸಂಪಾಜೆಯಲ್ಲಿ ಹೆಚ್ಚಿನ ಕಡೆ ಮೂರನೆಯದು, ಬಿಗಿ ತಿರುವುಗಳಲ್ಲಿ ಎರಡನೆಯದು. ಎಂಜಿನ್ ಗುಂಯ್‌ಗುಟ್ಟುತ್ತದೆ, ಆರ್‌ಪಿಎಂ 3000 ದಾಟಬಹುದು. ಹೆದರಬೇಡಿ, ಆಗ ಅದು ಒಂದು ತೊಟ್ಟೂ ಕುಡಿಯುತ್ತಿರುವುದಿಲ್ಲ. ಇಳಿಜಾರು ಮಂದವಾಗಿ, ಗೇರಿನಲ್ಲಿಟ್ಟರೆ ವೇಗ ಬಿದ್ದುಹೋಗುತ್ತಿದ್ದರೆ ಮೇಲಿನ ಗೇರಿಗೆ ಬದಲಿಸಿ, ಆಕ್ಸಿಲರೇಟರ್‌ಗೆ ಕಾಲು ತಾಗಿಸಿದಷ್ಟೇ ಸಾಕು.

ಇನ್ನು 24ರ ಲೆಕ್ಕ. ಆ ಸಂಖ್ಯೆ ಬರುವುದು ಪ್ರಯೋಗಾಲಯದಲ್ಲಿ, ರೋಲರುಗಳ ಮೇಲೆ ಕಾರು ಓಡಿಸಿ. ಅಲ್ಲಿ ಏರಿಲ್ಲ, ಮಳೆಯಿಲ್ಲ, ಗುಂಡಿಯಿಲ್ಲ. ನಮ್ಮ ರಸ್ತೆಯ ಲೆಕ್ಕ ಹೀಗೆ: ಇಬ್ಬರು ಕೂತ ಚಿಕ್ಕ ಕಾರು ಸುಮಾರು 1000 ಕಿಲೋ. ಸಂಪಾಜೆಯಿಂದ ಮಡಿಕೇರಿಗೆ ಹತ್ತಿರ ಹತ್ತಿರ 1000 ಮೀಟರ್ ಎತ್ತರ. ಅಷ್ಟು ಭಾರವನ್ನು ಅಷ್ಟು ಎತ್ತಲು ಬೇಕಾದ ಶಕ್ತಿ 9.8 ಮೆಗಾಜೂಲ್. ಲೀಟರ್ ಪೆಟ್ರೋಲಿನಲ್ಲಿರುವ ಸುಮಾರು 30 ಮೆಗಾಜೂಲಿನಲ್ಲಿ ಚಕ್ರಕ್ಕೆ ತಲುಪುವುದು ಕಾಲು ಭಾಗ, ಹೆಚ್ಚೆಂದರೆ ಅದಕ್ಕಿಂತ ತುಸು ಮೇಲೆ. ಅಂದರೆ ಎತ್ತರವೊಂದಕ್ಕೇ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ, ರಸ್ತೆಯ ದೂರದ ಖರ್ಚು ಬೇರೆ. ಆ ಏರಿನಲ್ಲಿ ಲೀಟರಿಗೆ 11 ಸಿಕ್ಕಿದರೆ ಕಾರಿನಲ್ಲಿ ದೋಷವಿಲ್ಲ. ಕುಶಾಲನಗರದಿಂದ ಮಡಿಕೇರಿಗೆ ಎತ್ತರ ಸುಮಾರು 300 ಮೀಟರ್ ಮಾತ್ರ, ಹಾಗಾಗಿ ಅಲ್ಲಿ ಹೆಚ್ಚುವರಿ ಖರ್ಚು 350ರಿಂದ 400 ಮಿಲಿ. ಹತ್ತುವಾಗ ಕೊಟ್ಟದ್ದರಲ್ಲಿ ಒಳ್ಳೆಯ ಪಾಲು ಇಳಿಯುವಾಗ ವಾಪಸ್ ಬರಬೇಕು. ಅದು ಬ್ರೇಕಿನ ಬಿಸಿಯಾಗಿ ಹೋಗುತ್ತಿದ್ದರೆ ಬರುವುದಿಲ್ಲ. ಕೊಡಗಿನಲ್ಲಿ ಮೈಲೇಜ್ ಕಳೆದುಹೋಗುವ ಜಾಗ ಬ್ರೇಕ್ ಎಂದು ನಾನು ಖಡಾಖಂಡಿತ ಹೇಳುತ್ತೇನೆ: ಒಂದು, ಕಾಲಿನಿಂದ ಒತ್ತುವ ಬ್ರೇಕ್; ಇನ್ನೊಂದು, ಒತ್ತದಿದ್ದರೂ ಹಿಡಿದುಕೊಂಡಿರುವ ಬ್ರೇಕ್.

ಒತ್ತುವ ಬ್ರೇಕಿನ ಬೆಲೆ ನೋಡಿ. ಅದೇ ಕಾರನ್ನು ಗಂಟೆಗೆ 40ರಿಂದ 20 ಕಿಲೋಮೀಟರಿಗೆ ಇಳಿಸಿ ಮತ್ತೆ 40ಕ್ಕೆ ಏರಿಸಿದರೆ ಐದಾರು ಮಿಲಿ ಪೆಟ್ರೋಲ್. ಒಂದು ತಿರುವಿಗೆ ಇದು ಏನೂ ಅಲ್ಲ. ನೂರು ತಿರುವಿಗೆ ಅರ್ಧ ಲೀಟರ್ ಮೀರುತ್ತದೆ, ಮತ್ತು ನಮ್ಮ ರಸ್ತೆಗಳಲ್ಲಿ ನೂರು ತಿರುವು ಒಂದು ದೊಡ್ಡ ಸಂಖ್ಯೆಯಲ್ಲ. ತಿರುವು ಕಂಡ ಮೇಲೆ ಗ್ಯಾಸ್ ಕೊಟ್ಟು ಕೊನೆಗೆ ಬ್ರೇಕ್ ಒತ್ತುವ ಬದಲು ಐವತ್ತು ಮೀಟರ್ ಮೊದಲೇ ಕಾಲು ತೆಗೆಯಿರಿ. ಮುಂದಿನ ಬಸ್ಸಿಗೆ ಅಂಟಿಕೊಂಡು ಹೋದರೆ ಅದು ನಿಂತಲ್ಲೆಲ್ಲ ನೀವೂ ನಿಲ್ಲಬೇಕು, ಏರಿನಲ್ಲಿ ಮತ್ತೆ ಮೊದಲ ಗೇರಿನಿಂದ ಎತ್ತಬೇಕು. ಬಸ್ಸಿಗೆ ನಲವತ್ತು ಐವತ್ತು ಮೀಟರ್ ಬಿಟ್ಟರೆ ಎರಡನೇ ಗೇರಿನಲ್ಲಿ ಉರುಳುತ್ತಲೇ ಇರಬಹುದು.

ಹತ್ತುವಾಗ ಆಕ್ಸಿಲರೇಟರ್ ನೆಲಕ್ಕೆ ಒತ್ತಿ ನಾಲ್ಕನೇ ಗೇರಿನಲ್ಲೇ ಎಳೆಸುವುದು ಉಳಿತಾಯವಲ್ಲ. ಪೆಡಲ್ ಪೂರ್ತಿ ಒತ್ತಿದಾಗ ಎಂಜಿನ್ ಕಂಪ್ಯೂಟರ್ ಮಿಶ್ರಣಕ್ಕೆ ಹೆಚ್ಚು ಪೆಟ್ರೋಲ್ ಸೇರಿಸುತ್ತದೆ. ಮುಕ್ಕಾಲಿಗಿಂತ ಹೆಚ್ಚು ಒತ್ತಬೇಕು ಅನ್ನಿಸಿದರೆ ಗೇರ್ ಇಳಿಸಿ, 2000ದಿಂದ 2800 ಆರ್‌ಪಿಎಂ ಒಳಗೆ ಇರಿಸಿ. ಟಕಟಕ ನಾಕಿಂಗ್ ಕೇಳಿದರೆ ಆಗಲೇ ತಡವಾಗಿದೆ. ಏರಿನಲ್ಲಿ ನಿಂತಾಗ ಹಾಫ್ ಕ್ಲಚ್‌ನಲ್ಲಿ ಕಾರು ಹಿಡಿದುಕೊಳ್ಳಬೇಡಿ, ಹ್ಯಾಂಡ್ ಬ್ರೇಕ್ ಬಳಸಿ. ಕ್ಲಚ್ ಸವೆದು ಜಾರುತ್ತಿದೆಯೇ ಎಂದು ನೋಡಲು ಸಮತಟ್ಟು ರಸ್ತೆಯಲ್ಲಿ ನಾಲ್ಕನೇ ಗೇರ್, 40ರ ವೇಗ, ಪೂರ್ತಿ ಆಕ್ಸಿಲರೇಟರ್. ವೇಗ ಏರದೆ ಆರ್‌ಪಿಎಂ ಮಾತ್ರ ಹಾರಿದರೆ ಕ್ಲಚ್ ಪ್ಲೇಟ್ ಮುಗಿದಿದೆ.

ಈಗ ತಾನಾಗಿ ಹಿಡಿದುಕೊಂಡಿರುವ ಬ್ರೇಕ್. ಮಳೆ ನಾಡಿನಲ್ಲಿ ಇದು ಮನೆಮನೆಯ ಕಾಯಿಲೆ, ಮತ್ತು 24ರ ಕಾರು 13ಕ್ಕೆ ಬಿದ್ದಿದೆ ಎಂದಾಗ ನನಗೆ ಮೊದಲ ಅನುಮಾನ ಇದರ ಮೇಲೆ. ಜೂನ್‌ನಿಂದ ಕಕ್ಕಡ (ಆಟಿ ತಿಂಗಳು, ಆಗಸ್ಟ್ ಮಧ್ಯ) ಮುಗಿಯುವ ತನಕ ಕೆಸರು ನೀರು, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಸ್ಲೈಡ್ ಪಿನ್ನುಗಳಿಗೆ ಸೇರಿ ತುಕ್ಕು ಹಿಡಿಯುತ್ತದೆ. ಆಮೇಲೆ ಪೆಡಲ್ ಬಿಟ್ಟರೂ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಪತ್ತೆ ಸುಲಭ. ಸಮತಟ್ಟು ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರ್, ಬ್ರೇಕ್ ಆದಷ್ಟು ಕಮ್ಮಿ ಬಳಸಿ ಓಡಿಸಿ ನಿಲ್ಲಿಸಿ. ಪ್ರತಿ ಚಕ್ರದ ಹತ್ತಿರ ಅಂಗೈ ತನ್ನಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಕಾವು ಹೊಡೆಯುತ್ತಿದ್ದರೆ ಕಳ್ಳ ಸಿಕ್ಕಿದ. ಖಚಿತಪಡಿಸಿಕೊಳ್ಳಲು ಮಟ್ಟಸ ನೆಲದಲ್ಲಿ ಜಾಕ್ ಹಾಕಿ ಕೈಯಲ್ಲಿ ತಿರುಗಿಸಿ ನೋಡಿ. ಮುಂದಿನ ಚಕ್ರಕ್ಕಾದರೆ ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಹಿಂದಿನದ್ದಕ್ಕಾದರೆ ಹ್ಯಾಂಡ್ ಬ್ರೇಕ್ ಬಿಟ್ಟು, ಗೇರಿನಲ್ಲಿಟ್ಟು, ಮುಂದಿನ ಚಕ್ರಗಳಿಗೆ ಕಲ್ಲು. ಕಾರಿನ ಕೆಳಗೆ ಕೈಕಾಲು ಹಾಕಬೇಡಿ. ಹಿಂದಿನ ಚಕ್ರ ಒಂದು ತಳ್ಳಿಗೆ ಒಂದೆರಡು ಸುತ್ತಾದರೂ ಬರಬೇಕು. ಮುಂದಿನದು ಡಿಫರೆನ್ಷಿಯಲ್ ಸಮೇತ ತಿರುಗುವುದರಿಂದ ಸ್ವಲ್ಪ ಬಿಗಿ ಇರುತ್ತದೆ. ಎಡ ಬಲ ಹೋಲಿಸಿ ನೋಡಿ. ಸಣ್ಣಗೆ ಸರಸರ ಸದ್ದು ಬಂದರೆ ಪರವಾಗಿಲ್ಲ.

ಪಿನ್ ಬಿಚ್ಚಿ, ತುಕ್ಕು ಉಜ್ಜಿ, ಸಿಲಿಕೋನ್ ಬ್ರೇಕ್ ಗ್ರೀಸ್ ಹಚ್ಚಿಸಿ. ಮಾಮೂಲಿ ಚಾಸಿಸ್ ಗ್ರೀಸ್ ಹಚ್ಚಿದರೆ ರಬ್ಬರ್ ಬೂಟ್ ಉಬ್ಬಿ ಪಿನ್ ಮತ್ತೆ ಬಿಗಿಯಾಗುತ್ತದೆ, ಇದನ್ನು ನಿಂತು ನೋಡಿ. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ ಮಾಡಿಸಿದರೆ ಸಾಕು. ಹಿಂದಿನ ಚಕ್ರಗಳ ಡ್ರಮ್ ಬ್ರೇಕಿನಲ್ಲಿ ಇನ್ನೊಂದು ತೊಂದರೆ: ಒದ್ದೆ ಕಾರನ್ನು ಹ್ಯಾಂಡ್ ಬ್ರೇಕ್ ಎಳೆದು ಎರಡು ಮೂರು ದಿನ ನಿಲ್ಲಿಸಿದರೆ ಶೂ ಡ್ರಮ್ಮಿಗೆ ಅಂಟುತ್ತದೆ. ಮನೆಯಂಗಳ ಸಮತಟ್ಟಾಗಿದ್ದರೆ ಮಳೆಗಾಲದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಟ್ಟಿಗೆ ತುಂಡು ಕೊಡಿ. ಇಳಿಜಾರಾಗಿದ್ದರೆ ಹ್ಯಾಂಡ್ ಬ್ರೇಕ್ ಬೇಕೇ ಬೇಕು, ಅಲ್ಲಿ ಮೈಲೇಜ್ ಯೋಚಿಸಬೇಡಿ.

ಎರಡನೇ ಅನುಮಾನ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವ ತನಕ ಕೂಲೆಂಟ್ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ. ಘಾಟಿಯಲ್ಲಿ ಎಂಜಿನ್ ಕಾಯುತ್ತದೆ ಎಂದು ಅದನ್ನು ತೆಗೆದು ಬಿಸಾಡಿಬಿಡುವ ಮೆಕ್ಯಾನಿಕ್‌ಗಳಿದ್ದಾರೆ. ಹಳೆಯದಾಗಿ ತೆರೆದೇ ನಿಂತುಬಿಡುವುದೂ ಉಂಟು. ಪರಿಣಾಮ ಒಂದೇ: ಮಡಿಕೇರಿಯ ಚಳಿಯಲ್ಲಿ ಎಂಜಿನ್ ಬಿಸಿಯೇ ಆಗುವುದಿಲ್ಲ, ಕಂಪ್ಯೂಟರ್ ಇನ್ನೂ ತಣ್ಣಗಿದೆ ಎಂದುಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತಲೇ ಇರುತ್ತದೆ, ಇಳಿಜಾರಿನ ಪೆಟ್ರೋಲ್ ಕಟ್ ಕೂಡ ಸರಿಯಾಗಿ ಆಗುವುದಿಲ್ಲ. ಎಂಜಿನ್ ತಣ್ಣಗಿದೆ ಎಂದು ತೋರಿಸುವ ಮೀಟರಿನ ನೀಲಿ ದೀಪ ಹತ್ತು ನಿಮಿಷ ಓಡಿಸಿದರೂ ಆರದಿದ್ದರೆ, ಅಥವಾ ಉದ್ದ ಇಳಿಜಾರಿನಲ್ಲಿ ಟೆಂಪರೇಚರ್ ಮುಳ್ಳು ಬಿದ್ದುಹೋಗುತ್ತಿದ್ದರೆ ಇದನ್ನೇ ನೋಡಿಸಿ. ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಒಬಿಡಿ ಸ್ಕ್ಯಾನರ್ (ಎಂಜಿನ್ ಕಂಪ್ಯೂಟರಿನ ಮಾಹಿತಿ ಓದುವ ಸಾಧನ) ಇದ್ದರೆ ಕೂಲೆಂಟ್ ಎಷ್ಟು ಡಿಗ್ರಿ ಎಂದು ನೇರ ಕಾಣುತ್ತದೆ. 85ರ ಆಚೀಚೆ ಅಥವಾ ಮೇಲೆ ನಿಲ್ಲಬೇಕು, 70ಕ್ಕೆ ಇಳಿಯಬಾರದು. ಅದೇ ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ನೋಡಿ, ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಶೇಕಡ ಹೆಚ್ಚು ಕಮ್ಮಿ ಮಾಡುತ್ತಿದೆ ಎಂಬ ಲೆಕ್ಕ ಅದು. ಪ್ಲಸ್ ಅಥವಾ ಮೈನಸ್ 10% ದಾಟಿದ್ದರೆ ಆಕ್ಸಿಜನ್ ಸೆನ್ಸರ್, ಇಂಜೆಕ್ಟರ್, ಇಲ್ಲವೇ ಗಾಳಿ ಸೋರುವ ಪೈಪು. ತೋಟದ ಮನೆಗಳಲ್ಲಿ ಇಲಿ ವ್ಯಾಕ್ಯೂಮ್ ಪೈಪ್ ಕಡಿಯುವುದು, ಏರ್ ಫಿಲ್ಟರ್ ಡಬ್ಬಿಯೊಳಗೆ ಗೂಡು ಕಟ್ಟುವುದು ಸಾಮಾನ್ಯ, ಹಾಗಾಗಿ ಸೆನ್ಸರಿಗೆ ದುಡ್ಡು ಸುರಿಯುವ ಮೊದಲು ಬಾನೆಟ್ ಎತ್ತಿ ಪೈಪುಗಳನ್ನು ಕೈಯಾಡಿಸಿ ನೋಡಿ.

ಟಯರಿನ ಗಾಳಿ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಬರೆದಷ್ಟು ಇರಲಿ, ಬೆಳಗ್ಗೆ ಟಯರ್ ತಣ್ಣಗಿದ್ದಾಗ. ಮಂಗಳೂರಿನ ಮಧ್ಯಾಹ್ನ ಓಡಿಸಿಕೊಂಡು ಬಂದ ಬಿಸಿ ಟಯರಿಗೆ 33 ಹೊಡೆಸಿದರೆ ಮರುದಿನ ಮಡಿಕೇರಿಯಲ್ಲಿ ಅದು 29, 30 ತೋರಿಸಬಹುದು. ಎತ್ತರದಿಂದ ಗೇಜಿನಲ್ಲಿ ಎರಡು ಪಿಎಸ್‌ಐ ಹತ್ತಿರ ಏರುತ್ತದೆ, ಚಳಿಯಿಂದ ಅಷ್ಟೇ ಇಳಿಯುತ್ತದೆ, ಓಟದ ಬಿಸಿಯ ಮೂರು ನಾಲ್ಕು ಮಾತ್ರ ಹೋಗಿಬಿಡುತ್ತದೆ. ನಾನೂರು ಐನೂರು ರೂಪಾಯಿಯ ಗೇಜ್ ಒಂದನ್ನು ಮನೆಯಲ್ಲಿಟ್ಟುಕೊಳ್ಳಿ. ಮಳೆಗಾಲದ ಗುಂಡಿಗಳ ನಂತರ ಅಲೈನ್‌ಮೆಂಟ್ ಮಾಡಿಸಿ. ಟಯರಿನ ಮೇಲೆ ಅಂಗೈ ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ಸವರಿದಾಗ ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದ ಹಾಗೆ ತಾಗಿದರೆ ಟೋ, ಅಂದರೆ ಚಕ್ರಗಳ ಒಳ-ಹೊರ ಓರೆ, ಕೆಟ್ಟಿದೆ.

ಎಂಜಿನ್ ಆಯಿಲ್ ಮ್ಯಾನುಯಲ್‌ನಲ್ಲಿ ಬರೆದ ಗ್ರೇಡೇ ಇರಲಿ. 0ಡಬ್ಲ್ಯು-20 ಬೇಕಾದ ಎಂಜಿನ್ನಿಗೆ 20ಡಬ್ಲ್ಯು-50 ಸುರಿದರೆ ಚಳಿಯ ಬೆಳಗ್ಗೆ ಆ ದಪ್ಪ ಎಣ್ಣೆಯನ್ನು ತಳ್ಳಲೇ ಪೆಟ್ರೋಲ್ ಬೇಕು. ಏರ್ ಫಿಲ್ಟರ್ ಕಾಫಿ ತೋಟದ ಬೇಸಗೆ ಧೂಳಿಗೆ ಬೇಗ ಕಟ್ಟುತ್ತದೆ. ಬದಲಿಸಿ, ಆದರೆ ಅದರಿಂದ ಸಿಗುವುದು ಎಳೆತ, ಮೈಲೇಜ್ ಅಲ್ಪ. ಬೆಳಗ್ಗೆ ಸ್ಟಾರ್ಟ್ ಮಾಡಿ ಐದು ನಿಮಿಷ ನಿಲ್ಲಿಸುವುದು ಬೇಡ. ಅರ್ಧ ನಿಮಿಷ ಸಾಕು, ಮೊದಲ ಎರಡು ಮೂರು ಕಿಲೋಮೀಟರ್ ಮೆಲ್ಲಗೆ ಹೋಗಿ. ಪೆಟ್ರೋಲ್ ಪೈಪಿಗೆ ಕಟ್ಟುವ ಮ್ಯಾಗ್ನೆಟ್, ಟ್ಯಾಂಕಿಗೆ ಹಾಕುವ ಮಾತ್ರೆ, ಇವಕ್ಕೆ ಒಂದು ರೂಪಾಯಿಯೂ ಕೊಡಬೇಡಿ. ಎ.ಸಿ. ನಮ್ಮ ಹವೆಯಲ್ಲಿ ಹೆಚ್ಚು ಬೇಕಾಗುವುದಿಲ್ಲ. ಆದರೆ ಮಂಜು, ಮಳೆಯಲ್ಲಿ ಗಾಜು ಮಸುಕಾದಾಗ ಎ.ಸಿ. ಹಾಕಿ ಬಿಸಿಗಾಳಿ ಬಿಡಿ, ಆಗ ಪೆಟ್ರೋಲ್ ಮುಖ ನೋಡಬೇಡಿ.

ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಶಕ್ತಿ ಮಾತ್ರ. ಹಾಗಾಗಿ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ 6ರಿಂದ 7% ಶಕ್ತಿ ಕಮ್ಮಿ. ಇದು ನಿಮ್ಮ ಕೈಯಲ್ಲಿಲ್ಲ. ಎಥನಾಲ್ ನೀರು ಹೀರುವುದರಿಂದ ಮಳೆಗಾಲದಲ್ಲಿ ವಾರಗಟ್ಟಲೆ ಕಾರು ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ.

ಅಳತೆ ಸರಿ ಮಾಡಿಕೊಳ್ಳಿ. ಮೀಟರಿನ ಸ್ಕ್ರೀನ್ ತೋರಿಸುವುದನ್ನು ನೆಚ್ಚಬೇಡಿ. ಒಂದೇ ಬಂಕ್, ಮೊದಲ ಆಟೋ ಕಟ್‌ಗೆ ನಿಲ್ಲಿಸಿ ಟ್ಯಾಂಕ್ ತುಂಬಿಸಿ, ಟ್ರಿಪ್ ಸೊನ್ನೆ ಮಾಡಿ. 300 ಕಿಲೋಮೀಟರಾದರೂ ಓಡಿಸಿ ಮತ್ತೆ ಅಲ್ಲೇ ಮೊದಲ ಕಟ್ ತನಕ ತುಂಬಿಸಿ, ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿ. ಮೂರು ಸಲದ ಸರಾಸರಿ ತೆಗೆಯಿರಿ. ಜುಲೈನ ಲೆಕ್ಕವನ್ನು ಫೆಬ್ರವರಿಯದಕ್ಕೆ ಹೋಲಿಸಬೇಡಿ, ಒದ್ದೆ ರಸ್ತೆಯೇ ಒಂದಿಷ್ಟು ತಿನ್ನುತ್ತದೆ. ಬ್ರೇಕ್, ಥರ್ಮೋಸ್ಟಾಟ್, ಗಾಳಿ ಸರಿಯಿದ್ದರೆ ನಿಮ್ಮ ದಾರಿಯಲ್ಲಿ 16ರಿಂದ 18 ಸಿಗಬೇಕು. ಅಷ್ಟು ಬಂದರೆ 24ರ ಹಿಂದೆ ಓಡಬೇಡಿ. ಮೂರು ಟ್ಯಾಂಕಿನ ನಂತರವೂ 14 ದಾಟದಿದ್ದರೆ ಸ್ಕ್ಯಾನರಿನ ಫ್ಯೂಯಲ್ ಟ್ರಿಮ್, ಕೂಲೆಂಟ್ ಡಿಗ್ರಿ, ಯಾವ ಚಕ್ರ ಬಿಸಿ ಎಂಬುದನ್ನು ಇಲ್ಲಿ ಬರೆಯಿರಿ, ಮುಂದಿನದನ್ನು ಅದರ ಮೇಲೆ ಹೇಳುತ್ತೇನೆ.